ಕನ್ನಡ ಮಾಧ್ಯಮದವರಿಗೆ ಪೈಥಾನ್ ಕಷ್ಟವೇ? ಸೊಲ್ಲಾಪುರ, ಅಕ್ಕಲಕೋಟೆಯ ಲೆಕ್ಕದಲ್ಲೇ ಆರು ಅಭ್ಯಾಸಗಳು

ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕು ಕರ್ನಾಟಕದ ಗಡಿಗೆ ಅಂಟಿಕೊಂಡಿದೆ. ಇಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಕನ್ನಡದಲ್ಲೂ ಪುಸ್ತಕ ಮುದ್ರಿಸುತ್ತದೆ. ಇಲ್ಲಿನ ಅನೇಕ ಮಕ್ಕಳಿಗೆ ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು, ಪೇಟೆಯಲ್ಲಿ ಮರಾಠಿ. ಮನೆಯಲ್ಲಿ ಬ್ಯಾರಿ ಮಾತಾಡಿ ಶಾಲೆಯಲ್ಲಿ ಕನ್ನಡ ಓದುವ ಕರಾವಳಿಯ ಮಕ್ಕಳಿಗೆ ಇದು ಹೊಸತೇನಲ್ಲ.

ಕಂಪ್ಯೂಟರ್ ಕೋರ್ಸಿನ ಮಾತು ಬಂದಾಗ ಇಂಥ ಮಕ್ಕಳು ಹಿಂಜರಿಯುವುದು ಒಂದೇ ಕಾರಣಕ್ಕೆ: "ನಮಗೆ ಇಂಗ್ಲಿಷ್ ಬರಲ್ಲ." ಆದರೆ ಪೈಥಾನ್ ಭಾಷೆಯಲ್ಲಿ ಕಾಯ್ದಿರಿಸಿದ ಇಂಗ್ಲಿಷ್ ಪದಗಳು ಒಟ್ಟು 35. ಆರಂಭಕ್ಕೆ ಹತ್ತು-ಹನ್ನೆರಡು ಪದ ಗೊತ್ತಿದ್ದರೆ ಸಾಕು. ಉಳಿದದ್ದೆಲ್ಲ ಲೆಕ್ಕ ಮತ್ತು ತರ್ಕ. ಅದನ್ನು ಕನ್ನಡದಲ್ಲೇ ಯೋಚಿಸಬಹುದು.

ಪೈಥಾನ್ ಅಂದರೇನು?

ನೆದರ್‌ಲ್ಯಾಂಡ್ಸ್‌ನ ಗೈಡೋ ವಾನ್ ರಾಸಮ್ 1991ರಲ್ಲಿ ಮೊದಲು ಬಿಡುಗಡೆ ಮಾಡಿದ ಪ್ರೋಗ್ರಾಮಿಂಗ್ ಭಾಷೆ ಇದು. ಈಗ ಬಳಕೆಯಲ್ಲಿರುವ ಪೈಥಾನ್ 3 ಬಂದದ್ದು 2008ರಲ್ಲಿ. ಪೂರ್ತಿ ಉಚಿತ. ಸಿಬಿಎಸ್‌ಇ 11 ಮತ್ತು 12ನೇ ತರಗತಿಯ ಕಂಪ್ಯೂಟರ್ ಸೈನ್ಸ್‌ನಲ್ಲಿ ಇದನ್ನೇ ಕಲಿಸಲಾಗುತ್ತದೆ. ಕಂಪ್ಯೂಟರ್ ಇಲ್ಲದವರು ಆಂಡ್ರಾಯ್ಡ್ ಮೊಬೈಲಿನಲ್ಲಿ ಪೈಡ್ರಾಯ್ಡ್ 3 ಎಂಬ ಆ್ಯಪ್ ಹಾಕಿಕೊಂಡು ಅಭ್ಯಾಸ ಮಾಡಬಹುದು. ಒಮ್ಮೆ ಇಳಿಸಿಕೊಂಡರೆ ಸಣ್ಣ ಅಭ್ಯಾಸಗಳಿಗೆ ಇಂಟರ್‌ನೆಟ್ ಬೇಕಿಲ್ಲ.

ಪ್ರೋಗ್ರಾಮ್ ಎಂಬ ಕಲ್ಪನೆ ಸೊಲ್ಲಾಪುರಕ್ಕೆ ಹೊಸದಲ್ಲ. ಇಲ್ಲಿನ ಹೆಸರಾಂತ ಚಾದರಗಳ ವಿನ್ಯಾಸ ಮೂಡುವುದು ಜಕಾರ್ಡ್ ಮಗ್ಗದಲ್ಲಿ. ಫ್ರಾನ್ಸ್‌ನ ಜಕಾರ್ಡ್ 1804ರಲ್ಲಿ ರೂಪಿಸಿದ ಈ ಮಗ್ಗಕ್ಕೆ ತೂತು ಹೊಡೆದ ಕಾರ್ಡುಗಳೇ ಆಜ್ಞೆ. ತೂತು ಇದ್ದಲ್ಲಿ ನೂಲು ಮೇಲೇಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಚಾರ್ಲ್ಸ್ ಬ್ಯಾಬೇಜ್ ತಮ್ಮ ಗಣಕಯಂತ್ರದ ಯೋಜನೆಗೆ ತೆಗೆದುಕೊಂಡದ್ದು ಈ ಕಾರ್ಡಿನ ಉಪಾಯವನ್ನೇ.

ಆರು ಅಭ್ಯಾಸಗಳು

ಪ್ರಿಂಟ್, ಇನ್‌ಪುಟ್, ಇಫ್, ಫಾರ್ ಮುಂತಾದ ಆಜ್ಞೆಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಆದರೆ ಬೆಲೆ, ಕೂಲಿ ಎಂದು ನಾವಿಡುವ ಹೆಸರುಗಳು ಪೈಥಾನ್ 3ರಲ್ಲಿ ಕನ್ನಡದಲ್ಲೇ ಇರಬಹುದು.

1. ಊರಿನ ಹೆಸರು: ಪ್ರಿಂಟ್ ಆಜ್ಞೆಯ ಆವರಣದೊಳಗೆ, ಉದ್ಧರಣ ಚಿಹ್ನೆಗಳ ನಡುವೆ "ಅಕ್ಕಲಕೋಟೆ" ಎಂದು ಬರೆದು ರನ್ ಮಾಡಿ. ಹೆಸರು ಪರದೆ ಮೇಲೆ ಬರುತ್ತದೆ. ಆಮೇಲೆ ಕೊನೆಯ ಚಿಹ್ನೆಯನ್ನು ಬೇಕೆಂದೇ ಅಳಿಸಿ ನೋಡಿ. ಬರುವ ಎರರ್‌ನಲ್ಲಿ ಯಾವ ಸಾಲು ತಪ್ಪು ಎಂಬುದೂ ಇರುತ್ತದೆ. ಎರರ್ ಅಂದರೆ ಬೈಗುಳವಲ್ಲ, ಸುಳಿವು.

2. ಬೀಡಿ ಕೂಲಿ: ಸೊಲ್ಲಾಪುರದಲ್ಲೂ ಕರಾವಳಿಯಲ್ಲೂ ಬೀಡಿ ಕಟ್ಟಿ ಮನೆ ನಡೆಸಿದ ಹೆಣ್ಣುಮಕ್ಕಳು ಬಹಳ. ಸಾವಿರಕ್ಕೆ 250 ರೂಪಾಯಿ ಎಂದು ಇಟ್ಟುಕೊಳ್ಳಿ. 800 ಬೀಡಿಗೆ ಎಷ್ಟು? 800ನ್ನು 250ರಿಂದ ಗುಣಿಸಿ 1000ದಿಂದ ಭಾಗಿಸಿದರೆ ಪೈಥಾನ್ 200.0 ಎನ್ನುತ್ತದೆ. ಭಾಗಾಕಾರದ ಉತ್ತರ ಯಾವಾಗಲೂ ದಶಮಾಂಶದಲ್ಲೇ ಬರುತ್ತದೆ. ಬೀಡಿಯ ಸಂಖ್ಯೆಯನ್ನು ಇನ್‌ಪುಟ್ ಮೂಲಕ ಕೇಳುವುದಾದರೆ ಎಚ್ಚರ: ಅದು ಬರುವುದು ಅಕ್ಷರವಾಗಿ. "800"ನ್ನು 2ರಿಂದ ಗುಣಿಸಿದರೆ 1600 ಅಲ್ಲ, 800800 ಬರುತ್ತದೆ! ಇಂಟ್ ಎಂಬ ಆಜ್ಞೆಯಿಂದ ಮೊದಲು ಸಂಖ್ಯೆ ಮಾಡಿಕೊಳ್ಳಬೇಕು.

3. ಚಾದರ ಅಂಗಡಿ: ಒಂದು ಚಾದರಕ್ಕೆ 400 ರೂಪಾಯಿ. ಹತ್ತು ಅಥವಾ ಹೆಚ್ಚು ಕೊಂಡರೆ ಶೇ. 5 ರಿಯಾಯಿತಿ. ಇದಕ್ಕೆ ಇಫ್ ಮತ್ತು ಎಲ್ಸ್ ಬೇಕು. 12 ಚಾದರಕ್ಕೆ 4800ರಲ್ಲಿ 240 ಕಳೆದು 4560 ಬರಬೇಕು. ಸರಿಯಾಗಿ 10 ಹಾಕಿಯೂ ನೋಡಿ. 'ಹತ್ತಕ್ಕಿಂತ ಹೆಚ್ಚು' ಎಂದಷ್ಟೇ ಬರೆದಿದ್ದರೆ ಆ ಗಿರಾಕಿಗೆ ರಿಯಾಯಿತಿ ತಪ್ಪುತ್ತದೆ. ಇಫ್ ಸಾಲಿನ ಕೊನೆಗೆ ಎರಡು ಚುಕ್ಕಿ, ಮುಂದಿನ ಸಾಲಿಗೆ ನಾಲ್ಕು ಜಾಗ ಬಿಡುವುದನ್ನು ಮರೆಯಬಾರದು.

4. ಮಗ್ಗಿ: ಫಾರ್ ಮತ್ತು ರೇಂಜ್ ಬಳಸಿ 7ರ ಮಗ್ಗಿ ಬರೆಯಿರಿ. ರೇಂಜ್‌ಗೆ 1 ಮತ್ತು 10 ಕೊಟ್ಟರೆ ಎಣಿಕೆ 9ಕ್ಕೇ ನಿಲ್ಲುತ್ತದೆ. ಕೊನೆಯ ಸಂಖ್ಯೆ ಲೆಕ್ಕಕ್ಕಿಲ್ಲ, ಹಾಗಾಗಿ 11 ಕೊಡಬೇಕು.

5. ಕನ್ನಡ ಅಕ್ಷರ: ಉದ್ದ ಅಳೆಯುವ ಲೆನ್ ಆಜ್ಞೆಗೆ "ಅಕ್ಕಲಕೋಟೆ" ಕೊಡಿ. ಕಣ್ಣಿಗೆ ಕಾಣುವುದು ಐದು ಅಕ್ಷರ, ಪೈಥಾನ್ ಹೇಳುವುದು 9. ಒತ್ತಕ್ಷರದ ವ್ಯಂಜನಗಳನ್ನು, ವಿರಾಮವನ್ನು, ಸ್ವರಚಿಹ್ನೆಗಳನ್ನು ಅದು ಬೇರೆ ಬೇರೆ ಎಣಿಸುತ್ತದೆ. ಇನ್ನೊಂದು ವಿಷಯ: ಇನ್‌ಪುಟ್‌ನಲ್ಲಿ ೨೫ ಎಂದು ಕನ್ನಡ ಅಂಕಿ ಕೊಟ್ಟರೂ ಇಂಟ್ ಅದನ್ನು 25 ಎಂದೇ ಓದುತ್ತದೆ.

6. ಸಂಖ್ಯೆ ಊಹಿಸು: ಕಂಪ್ಯೂಟರ್ 1ರಿಂದ 100ರೊಳಗೆ ಒಂದು ಸಂಖ್ಯೆ ಬಚ್ಚಿಡಲಿ. ಊಹೆ ತಪ್ಪಾದರೆ 'ದೊಡ್ಡದು', 'ಸಣ್ಣದು' ಎನ್ನಲಿ. ಉತ್ತರ ಸಿಗುವವರೆಗೆ ಕೇಳಲು ವೈಲ್ ಬೇಕು. ಪ್ರತಿ ಸಲ ಸರಿಯಾಗಿ ನಡುವಿನ ಸಂಖ್ಯೆ ಹೇಳಿದರೆ ಏಳು ಊಹೆಯೊಳಗೆ ಸಿಕ್ಕೇ ಸಿಗುತ್ತದೆ.

ಕಲಿಯುವ ಕ್ರಮ

ದಿನಕ್ಕೆ ಅರ್ಧ ಗಂಟೆ, ಒಂದೇ ಅಭ್ಯಾಸ. ಮೊದಲು ಹಂತಗಳನ್ನು ಕನ್ನಡದಲ್ಲಿ ಕಾಗದದ ಮೇಲೆ ಬರೆಯಬೇಕು, ಆಮೇಲೆ ಟೈಪ್ ಮಾಡಬೇಕು. ಕಾಪಿ ಮಾಡಿ ಅಂಟಿಸಿದರೆ ಕೈಗೆ ಏನೂ ಹತ್ತುವುದಿಲ್ಲ.

ಸರಕಾರಿ ಶಾಲೆಯ ಮಕ್ಕಳಿಗೆ ತಂತ್ರಜ್ಞಾನ ದೂರ ಎನ್ನುವವರಿಗೆ ಈ ಜಿಲ್ಲೆಯಲ್ಲೇ ಉತ್ತರವಿದೆ. ಮಾಢಾ ತಾಲೂಕಿನ ಪರಿತೆವಾಡಿಯ ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕ ರಣಜಿತ್‌ಸಿಂಹ ಡಿಸಲೆ ಪಠ್ಯಪುಸ್ತಕಕ್ಕೆ ಕ್ಯೂಆರ್ ಕೋಡ್ ಜೋಡಿಸಿ, 2020ರಲ್ಲಿ ಜಾಗತಿಕ ಶಿಕ್ಷಕ ಪ್ರಶಸ್ತಿ ಪಡೆದರು. ಹತ್ತು ಲಕ್ಷ ಡಾಲರ್ ಬಹುಮಾನದ ಅರ್ಧವನ್ನು ಅಂತಿಮ ಸುತ್ತಿನ ಉಳಿದ ಶಿಕ್ಷಕರಿಗೆ ಹಂಚಿದರು.

ಇಂಗ್ಲಿಷ್ ಬೇಡವೆಂದಲ್ಲ. ಮುಂದೆ ಕೆಲಸಕ್ಕೆ ಅದು ಬೇಕೇ ಬೇಕು. ಆದರೆ ಇಂಗ್ಲಿಷ್ ಬಂದ ಮೇಲೆ ಪೈಥಾನ್ ಎಂದು ಕಾಯುತ್ತಾ ಕೂತರೆ ವರ್ಷಗಳು ಹೋಗುತ್ತವೆ. ಎರಡನ್ನೂ ಒಟ್ಟಿಗೇ ಕಲಿಯಬಹುದು. ಅಮ್ಮನ ಬೀಡಿ ಲೆಕ್ಕ ತಪ್ಪಿಲ್ಲದೆ ಮಾಡಬಲ್ಲ ಮಗುವಿಗೆ ಮೊದಲ ಪ್ರೋಗ್ರಾಮ್ ಬರೆಯಲು ಬೇಕಾದ ತಲೆ ಆಗಲೇ ಇದೆ.