ದ್ರವಸ್ಫಟಿಕ ಫಲಕ ಮತ್ತು ಅದರ ಚಾಲಕ ಮಂಡಲಗಳು

ಎರಡು ಗಾಜಿನ ಹಾಳೆಗಳ ನಡುವೆ ಕೆಲವೇ ಮೈಕ್ರೋಮೀಟರ್ ದಪ್ಪಕ್ಕೆ ದ್ರವಸ್ಫಟಿಕ ತುಂಬಿ, ವಿದ್ಯುತ್ತಿನಿಂದ ಅದರ ಅಣುಗಳನ್ನು ಹೊರಳಿಸಿ, ಬೆಳಕನ್ನು ಬಿಡುತ್ತ ತಡೆಯುತ್ತ ಅಕ್ಷರ, ಚಿತ್ರಗಳನ್ನು ಮೂಡಿಸುವ ಸಾಧನ. ಕೈಗಡಿಯಾರ, ಕ್ಯಾಲ್ಕುಲೇಟರ್‌ಗಳಿಂದ ಹಿಡಿದು ಮೊಬೈಲ್, ಟಿ.ವಿ.ಗಳವರೆಗೆ ಬಳಕೆಯಲ್ಲಿದೆ. ಇದರ ಚರಿತ್ರೆಯನ್ನು ಒಂದು ವಿಚಿತ್ರ ವಸ್ತುವಿನ ಚರಿತ್ರೆಯಾಗಿ ಹೇಳುವುದು ವಾಡಿಕೆ. ಆದರೆ ವಸ್ತು ಸಿಕ್ಕಿದಾಗ ಅರ್ಧ ಕೆಲಸವಷ್ಟೇ ಮುಗಿದಿತ್ತು. 1,920 ಕಂಬಸಾಲು, 1,080 ಅಡ್ಡಸಾಲುಗಳ ಪರದೆಯಲ್ಲಿ ಪ್ರತಿ ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಎಂದು ಮೂರು ಚುಕ್ಕಿ. ಎಲ್ಲ ಸೇರಿ 62 ಲಕ್ಷಕ್ಕೂ ಹೆಚ್ಚು. ಚುಕ್ಕಿಗೊಂದು ತಂತಿ ಎಳೆಯುವುದು ಆಗದ ಮಾತು. ಅಡ್ಡಕ್ಕೆ 1,080, ಉದ್ದಕ್ಕೆ 5,760, ಒಟ್ಟು 6,840 ಗೆರೆಗಳಿಂದಲೇ ಅಷ್ಟೂ ಚುಕ್ಕಿಗಳಿಗೆ ಅವುಗಳ ಪಾಲಿನ ವೋಲ್ಟೇಜ್ ಮುಟ್ಟಬೇಕು. ಅದನ್ನು ಮುಟ್ಟಿಸುವ ಬಗೆಯನ್ನು ಹುಡುಕಿದ್ದೇ ಉಳಿದರ್ಧ.

1888ರಲ್ಲಿ ಪ್ರಾಗ್‌ನ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಸರ್ ಕೊಲೆಸ್ಟೆರಿಲ್ ಬೆಂಜೊಯೇಟನ್ನು ಕಾಯಿಸುತ್ತಿದ್ದಾಗ ಅದು ಎರಡು ಸಲ ಕರಗಿದಂತೆ ಕಂಡಿತು: 145.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಬ್ಬು ದ್ರವ, 178.5 ಡಿಗ್ರಿಯಲ್ಲಿ ತಿಳಿ ದ್ರವ. ಜರ್ಮನಿಯ ಒಟ್ಟೊ ಲೆಹ್‌ಮನ್ ಅದನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ದ್ರವಸ್ಫಟಿಕ ಎಂಬ ಹೆಸರನ್ನು ರೂಢಿಗೆ ತಂದರು. ಮುಂದಿನ ಏಳು ದಶಕ ಅದು ಬಹುಮಟ್ಟಿಗೆ ಪ್ರಯೋಗಾಲಯದ ಕುತೂಹಲವಾಗಿಯೇ ಉಳಿಯಿತು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿದ್ದ ಆರ್‌ಸಿಎ ಕಂಪನಿಯ ಪ್ರಯೋಗಾಲಯದಲ್ಲಿ ರಿಚರ್ಡ್ ವಿಲಿಯಮ್ಸ್ 1962ರಲ್ಲಿ ವಿದ್ಯುತ್ ಹಾಯಿಸಿದಾಗ ಈ ಪದರದಲ್ಲಿ ಪಟ್ಟೆಗಳೇಳುವುದನ್ನು ಕಂಡರು. ಅಲ್ಲಿಯೇ ಜಾರ್ಜ್ ಹೈಲ್ಮೈಯರ್ ತಂಡ 1968ರಲ್ಲಿ ಮೊದಲ ದ್ರವಸ್ಫಟಿಕ ಫಲಕಗಳನ್ನು ಪತ್ರಕರ್ತರ ಮುಂದಿಟ್ಟಿತು. ಆ ಫಲಕದ ಮೂಲಕ ವಿದ್ಯುತ್ ಪ್ರವಾಹ ಹರಿಯಲೇಬೇಕಿತ್ತು, ವೋಲ್ಟೇಜೂ ಹೆಚ್ಚು ಬೇಕಿತ್ತು. ಹಾಗಾಗಿ ಅದು ಬಹುಕಾಲ ನಿಲ್ಲಲಿಲ್ಲ.

ನಿಂತದ್ದು ತಿರುಚು ಫಲಕ. ಬಾಸೆಲ್‌ನ ಔಷಧ ಕಂಪನಿ ಹಾಫ್‌ಮನ್-ಲಾ ರೋಷ್‌ನಲ್ಲಿದ್ದ ಮಾರ್ಟಿನ್ ಶಾಟ್ ಮತ್ತು ವೂಲ್ಫ್‌ಗಾಂಗ್ ಹೆಲ್‌ಫ್ರಿಚ್ 1970ರ ಡಿಸೆಂಬರ್‌ನಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಅಮೆರಿಕದಲ್ಲಿ ಜೇಮ್ಸ್ ಫರ್ಗಸನ್ ಕೂಡ ಇದೇ ದಾರಿಯಲ್ಲಿದ್ದರು. ಅಣುಗಳನ್ನು ಒಂದು ಗಾಜಿನಿಂದ ಇನ್ನೊಂದಕ್ಕೆ 90 ಡಿಗ್ರಿ ತಿರುಚಿ ನಿಲ್ಲಿಸಿದರೆ ಧ್ರುವೀಕೃತ ಬೆಳಕೂ ಅವುಗಳೊಡನೆ ತಿರುಗಿ ಹೊರಬರುತ್ತದೆ. ಕೆಲವೇ ವೋಲ್ಟ್ ಕೊಟ್ಟರೆ ತಿರುಚು ಬಿಚ್ಚಿಕೊಂಡು ಬೆಳಕು ನಿಲ್ಲುತ್ತದೆ. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ಜಾರ್ಜ್ ಗ್ರೇ ತಂಡ ಸಿದ್ಧಪಡಿಸಿದ ಸಯನೊಬೈಫಿನೈಲ್‌ಗಳು ಕೋಣೆಯ ಉಷ್ಣತೆಯಲ್ಲಿ ಕೆಡದೆ ಇರುತ್ತಿದ್ದುದರಿಂದ ಕೈಗಡಿಯಾರದ ದಾರಿ ಸುಗಮವಾಯಿತು. 1973ರಲ್ಲಿ ಸೀಕೊ ಆರಂಕಿಯ ದ್ರವಸ್ಫಟಿಕ ಗಡಿಯಾರವನ್ನು ಮಾರುಕಟ್ಟೆಗೆ ತಂದಿತು.

ಗಡಿಯಾರದಲ್ಲಿ ಚಾಲನೆ ಸುಲಭ. ಏಳು ತುಣುಕುಗಳಿಂದ ಒಂದು ಅಂಕಿ, ತುಣುಕಿಗೊಂದು ತಂತಿ. ಒಂದು ನಿಯಮ ಮಾತ್ರ ಆಗಲೇ ಗಟ್ಟಿಯಾಯಿತು: ಒಂದೇ ದಿಕ್ಕಿನ ವಿದ್ಯುತ್ ಸತತವಾಗಿ ಹಾಯ್ದರೆ ದ್ರವಸ್ಫಟಿಕ ರಾಸಾಯನಿಕವಾಗಿ ಕೆಡುತ್ತದೆ. ಆದ್ದರಿಂದ ಚಾಲಕ ಮಂಡಲ ಧನ, ಋಣಗಳನ್ನು ಅದಲು ಬದಲು ಮಾಡುತ್ತಲೇ ಇರಬೇಕು. ಅಣುಗಳಿಗೆ ಧನ ಋಣದ ಭೇದವಿಲ್ಲ. ಅವು ನಿಧಾನ ಪ್ರವೃತ್ತಿಯವು. ಕ್ಷಣದ ವೋಲ್ಟೇಜಿಗೆ ಓಗೊಡದೆ, ತಮ್ಮ ಮೇಲೆ ಬಿದ್ದದ್ದರ ವರ್ಗಮಾಧ್ಯ ಮೂಲವನ್ನು ಮಾತ್ರ ಲೆಕ್ಕಕ್ಕಿಡುತ್ತವೆ.

ಈ ನಿಧಾನವೇ ಚಿತ್ರದ ಪರದೆಗೆ ತೊಡಕಾಯಿತು. ಅಡ್ಡಸಾಲುಗಳನ್ನು ಒಂದಾದ ಮೇಲೊಂದು ಆರಿಸುತ್ತ, ಆಯಾ ಸಾಲಿಗೆ ಬೇಕಾದ ವೋಲ್ಟೇಜನ್ನು ಕಂಬಸಾಲುಗಳಿಗೆ ಕೊಡುವುದು ಸಹಜ ಉಪಾಯ. ಆದರೆ ಆರಿಸದ ಸಾಲುಗಳ ಚುಕ್ಕಿಗಳಿಗೂ ಕಂಬಸಾಲಿನ ವೋಲ್ಟೇಜ್ ತಾಗುತ್ತದೆ. ಸಾಲು ಹೆಚ್ಚಿದಷ್ಟೂ ಒಂದೊಂದಕ್ಕೆ ಸಿಗುವ ಸಮಯ ಕಡಿಮೆ, ಪಕ್ಕದವರಿಗಾಗಿ ಕೇಳಿಸಿಕೊಳ್ಳುವ ಗದ್ದಲ ಹೆಚ್ಚು. ಐಬಿಎಂನ ಆಲ್ಟ್ ಮತ್ತು ಪ್ಲೆಷ್ಕೊ 1974ರಲ್ಲಿ ಇದರ ಮೇರೆಯನ್ನು ಗಣಿತದಿಂದ ಗೊತ್ತುಪಡಿಸಿದರು. 4 ಸಾಲುಗಳಿದ್ದರೆ ಉರಿಯುವ ಚುಕ್ಕಿಯ ವೋಲ್ಟೇಜ್ ಆರಿದ್ದಕ್ಕಿಂತ ಗರಿಷ್ಠ 1.73 ಪಟ್ಟು ಇರಬಲ್ಲದು. 100 ಸಾಲಿದ್ದರೆ ವ್ಯತ್ಯಾಸ ಶೇ. 10.6, 240 ಸಾಲಿದ್ದರೆ ಶೇ. 7ಕ್ಕಿಂತ ಕಡಿಮೆ. ತಿರುಚು ಫಲಕ ಇಷ್ಟು ಸಣ್ಣ ಅಂತರದಲ್ಲಿ ಕಪ್ಪು ಬಿಳುಪನ್ನು ಬೇರ್ಪಡಿಸಲಾರದು. ಈ ಕ್ಷೇತ್ರದ ಅತ್ಯಂತ ಮಹತ್ತ್ವದ ಲೆಕ್ಕ ಇದೆಂದರೆ ಉತ್ಪ್ರೇಕ್ಷೆಯಲ್ಲ. ಆಮೇಲಿನ ಪ್ರತಿಯೊಂದು ಹೆಜ್ಜೆಯೂ ಇದನ್ನು ದಾಟುವ ಯತ್ನ.

ಒಂದು ಯತ್ನ ವಸ್ತುವಿನ ಕಡೆಯಿಂದ ಬಂತು. ತಿರುಚನ್ನು 90ರಿಂದ 180–270 ಡಿಗ್ರಿಗೆ ಏರಿಸಿದರೆ ಸಣ್ಣ ವೋಲ್ಟೇಜ್ ವ್ಯತ್ಯಾಸಕ್ಕೂ ಅಣುಗಳು ಥಟ್ಟನೆ ಹೊರಳುತ್ತವೆ. ಬ್ರಿಟನ್ನಿನ ವಾಟರ್ಸ್ ಮತ್ತು ರೇನ್ಸ್, ಸ್ವಿಟ್ಜರ್ಲೆಂಡಿನ ಬ್ರೌನ್ ಬೊವೆರಿ ಕಂಪನಿಯ ಟೆರಿ ಶೆಫರ್ ಮತ್ತು ಯೂರ್ಗನ್ ನೇರಿಂಗ್ 1980ರ ದಶಕದ ಮೊದಲರ್ಧದಲ್ಲಿ ಇದನ್ನು ಸಾಧಿಸಿದರು. ಆ ಕಾಲದ ಲ್ಯಾಪ್‌ಟಾಪ್‌ಗಳ ಹಳದಿ ಹಸಿರು, ನೀಲಿ ಛಾಯೆಯ ಪರದೆಗಳು ಇವರ ಕೊಡುಗೆ.

ಇನ್ನೊಂದು ಯತ್ನ ಚಾಲನೆಯ ಕಡೆಯಿಂದ. ಅದರಲ್ಲಿ ಬೆಂಗಳೂರಿಗೆ ದೊಡ್ಡ ಪಾಲಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿದ್ದ ಎಸ್. ಚಂದ್ರಶೇಖರ್ 1971ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವಸ್ಫಟಿಕ ಪ್ರಯೋಗಾಲಯ ಕಟ್ಟಿದರು. ಅಲ್ಲಿ ಟಿ.ಎನ್. ರುಕ್ಮಾಂಗದನ್ ಅವರು ಎನ್.ವಿ. ಮಧುಸೂದನ ಅವರೊಡನೆ 1983ರಲ್ಲಿ ಹೊಸ ಚಾಲನಾ ವಿಧಾನಗಳನ್ನು ಪ್ರಕಟಿಸಿದರು. 1988ರಲ್ಲಿ ಒಮ್ಮೆಗೆ ಒಂದೇ ಸಾಲಿನ ಬದಲು ಹಲವು ಸಾಲುಗಳನ್ನು ಆರಿಸುವ ಸಾಮಾನ್ಯ ವಿಧಾನವನ್ನು ಮಂಡಿಸಿದರು. ಸಾಲುಗಳ ಗುಂಪಿಗೆ ಪರಸ್ಪರ ಲಂಬವಾದ ಸಂಕೇತಗಳನ್ನು ಕೊಟ್ಟು, ಕಂಬಸಾಲಿನ ವೋಲ್ಟೇಜನ್ನು ಅವಕ್ಕೆ ತಕ್ಕಂತೆ ಲೆಕ್ಕಹಾಕಿದರೆ ಪ್ರತಿ ಚುಕ್ಕಿಗೂ ಅದರ ಪಾಲು ತಪ್ಪದೆ ದಕ್ಕುತ್ತದೆ. ಆಲ್ಟ್–ಪ್ಲೆಷ್ಕೊ ಮೇರೆಯನ್ನು ಇದು ಮುರಿಯುವುದಿಲ್ಲ. ಕಡಿಮೆ ಪೂರೈಕೆ ವೋಲ್ಟೇಜಿನಲ್ಲಿ ಅದನ್ನು ಮುಟ್ಟಿಸುತ್ತದೆ. ಇದರ ನಿಜವಾದ ಬೆಲೆ ಚುರುಕು ದ್ರವಸ್ಫಟಿಕಗಳು ಬಂದ ಮೇಲೆ ತಿಳಿಯಿತು. ಅವುಗಳ ಅಣುಗಳು ಒಂದು ಏಟಿಗೂ ಮುಂದಿನ ಏಟಿಗೂ ನಡುವೆ ಸಡಿಲವಾಗಿ ಪರದೆ ಮಂಕಾಗುತ್ತಿತ್ತು. ಹಲವು ಸಾಲುಗಳ ಆಯ್ಕೆಯಲ್ಲಿ ಒಂದೇ ದೊಡ್ಡ ಏಟು ಹಲವು ಸಣ್ಣ ಏಟುಗಳಾಗಿ ಹಂಚಿಹೋಗುವುದರಿಂದ ಆ ಸಡಿಲಿಕೆ ತಗ್ಗುತ್ತದೆ. 1992ರಲ್ಲಿ ಶೆಫರ್ ಮತ್ತು ಕ್ಲಿಫ್ಟನ್ ಇದೇ ತತ್ತ್ವವನ್ನು ಎಲ್ಲ ಸಾಲುಗಳಿಗೂ ವಿಸ್ತರಿಸಿ ತೋರಿಸಿದರು. ಚಂದ್ರಶೇಖರ್ 1991ರಲ್ಲಿ ಜಾಲಹಳ್ಳಿಯಲ್ಲಿ ದ್ರವಸ್ಫಟಿಕ ಸಂಶೋಧನಾ ಕೇಂದ್ರವನ್ನೂ ಸ್ಥಾಪಿಸಿದರು. ಅವರು ಸದಾಶಿವ, ಸುರೇಶ್ ಅವರೊಡನೆ 1977ರಲ್ಲಿ ಕಂಡುಹಿಡಿದ ಬಿಲ್ಲೆಯಾಕಾರದ ಅಣುಗಳ ದ್ರವಸ್ಫಟಿಕಗಳ ವರ್ಗವೇ ಮುಂದೆ ಜಪಾನಿನ ಫ್ಯೂಜಿ ಕಂಪನಿಯ ಫಿಲ್ಮ್‌ಗಳಲ್ಲಿ ಬಳಕೆಗೆ ಬಂದು, ಪರದೆಯನ್ನು ಓರೆಯಿಂದ ನೋಡಿದರೂ ಚಿತ್ರ ಕೆಡದಂತೆ ಮಾಡಿತು.

ಮೇರೆಯನ್ನೇ ಬದಿಗೊತ್ತಿದ್ದು ಸಕ್ರಿಯ ಜಾಲ. ಪ್ರತಿ ಚುಕ್ಕಿಯ ಬಳಿ ಒಂದು ಟ್ರಾನ್ಸಿಸ್ಟರ್ ಇಟ್ಟರೆ ಅದು ಕದದಂತೆ ಕೆಲಸ ಮಾಡುತ್ತದೆ: ಸಾಲು ಬಂದಾಗ ತೆರೆದು ವೋಲ್ಟೇಜನ್ನು ಒಳಬಿಟ್ಟು, ಮುಂದಿನ ಸರದಿಯವರೆಗೆ ಮುಚ್ಚಿಕೊಂಡು ಕಾಪಾಡುತ್ತದೆ. ಪಕ್ಕದ ಗದ್ದಲ ಒಳಗೆ ಬಾರದು. ಆರ್‌ಸಿಎಯ ಬರ್ನಾರ್ಡ್ ಲೆಕ್ನರ್ ಈ ಕಲ್ಪನೆ ಮುಂದಿಟ್ಟರು. ಪಿಟ್ಸ್‌ಬರ್ಗ್‌ನ ವೆಸ್ಟಿಂಗ್‌ಹೌಸ್‌ನಲ್ಲಿ ಪೀಟರ್ ಬ್ರೋಡಿ 1973ರ ಹೊತ್ತಿಗೆ ಕ್ಯಾಡ್ಮಿಯಂ ಸೆಲೆನೈಡ್ ಟ್ರಾನ್ಸಿಸ್ಟರ್‌ಗಳಿಂದ ಆರಿಂಚು ಚೌಕದ ಫಲಕ ಮಾಡಿದರು. ಆ ಕಂಪನಿ ದಶಕದ ಕೊನೆಗೆ ಕೆಲಸವನ್ನೇ ಕೈಬಿಟ್ಟಿತು. 1979ರಲ್ಲಿ ಸ್ಕಾಟ್‌ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಲೆಕೋಂಬರ್, ಸ್ಪಿಯರ್ ಮತ್ತು ಗೈತ್ ಅಸ್ಫಟಿಕ ಸಿಲಿಕಾನ್‌ನ ಟ್ರಾನ್ಸಿಸ್ಟರ್ ತೋರಿಸಿದರು. ಅದರಲ್ಲಿ ಎಲೆಕ್ಟ್ರಾನ್‌ಗಳ ಚಲನೆ ಸ್ಫಟಿಕ ಸಿಲಿಕಾನ್‌ಗಿಂತ ಸುಮಾರು ಸಾವಿರ ಪಟ್ಟು ಮಂದ. ಆದರೆ ಒಂದು ಚುಕ್ಕಿಗೆ ಬೇಕಾದ ವಿದ್ಯುದಂಶ ಬಹಳ ಕಡಿಮೆ. ಮುಚ್ಚಿದಾಗ ಸೋರಿಕೆ ಅತ್ಯಲ್ಪ. ಜೊತೆಗೆ ಸಾಮಾನ್ಯ ಗಾಜು ತಾಳಬಲ್ಲ ಶಾಖದಲ್ಲೇ ಅದನ್ನು ಹರಡಬಹುದು. ದುರ್ಬಲವಾದ ವಸ್ತು ಸರಿಯಾದ ಕೆಲಸಕ್ಕೆ ಸಿಕ್ಕಿತು. 1988ರಲ್ಲಿ ಶಾರ್ಪ್ 14 ಇಂಚಿನ ಬಣ್ಣದ ಫಲಕ ಪ್ರದರ್ಶಿಸಿದಾಗ, ಕೊಳವೆ ಟಿ.ವಿ.ಗೆ ಬದಲಿ ಸಾಧ್ಯವೆಂಬುದು ಖಚಿತವಾಯಿತು.

ಅಲ್ಲಿಂದಾಚೆಗೆ ಭಾರ ಅಂಚಿನ ಚಿಪ್‌ಗಳ ಮೇಲೆ ಬಿತ್ತು. ಸೆಕೆಂಡಿಗೆ 60 ಚಿತ್ರ, 1,080 ಸಾಲು ಎಂದರೆ ಒಂದು ಸಾಲಿಗೆ ಸುಮಾರು 15 ಮೈಕ್ರೋಸೆಕೆಂಡ್. ಸೆಕೆಂಡಿಗೆ 120 ಚಿತ್ರ, 2,160 ಸಾಲಾದರೆ ನಾಲ್ಕಕ್ಕೂ ಕಡಿಮೆ. ಅಷ್ಟರಲ್ಲಿ ಕಂಬಸಾಲಿನ ಚಾಲಕ ಚಿಪ್ ಪ್ರತಿ ಗೆರೆಗೂ 256 ಹಂತಗಳಲ್ಲಿ ಸರಿಯಾದ ವೋಲ್ಟೇಜನ್ನು ಆರಿಸಿ, ಉದ್ದನೆಯ ಗೆರೆಯ ತುದಿಯವರೆಗೂ ತಲುಪಿಸಬೇಕು. ಧನ ಋಣದ ಹಳೆಯ ನಿಯಮ ಇಲ್ಲಿಯೂ ತಪ್ಪದು. ಇಡೀ ಪರದೆಯನ್ನು ಒಟ್ಟಿಗೆ ಅದಲು ಬದಲು ಮಾಡಿದರೆ ಮಿಣುಕು ಕಾಣುತ್ತದೆ. ಆದ್ದರಿಂದ ಚದುರಂಗದ ಮನೆಗಳಂತೆ ಅಕ್ಕಪಕ್ಕದ ಚುಕ್ಕಿಗಳಿಗೆ ಎದುರು ಚಿಹ್ನೆ ಕೊಡುವ ಪದ್ಧತಿ ಬಂತು. ಮುಂದೆ ಅಡ್ಡಸಾಲಿನ ಚಾಲಕ ಮಂಡಲವನ್ನು ಗಾಜಿನ ಮೇಲೆಯೇ ರಚಿಸಿ ಆ ಬದಿಯ ಚಿಪ್‌ಗಳನ್ನೇ ತೆಗೆದುಹಾಕಿದರು; ಪರದೆಯ ಅಂಚು ಕಿರಿದಾಗಲು ಇದೂ ಒಂದು ಕಾರಣ.

ತಾನೇ ಬೆಳಗುವ ಸಾವಯವ ಡಯೋಡುಗಳನ್ನು ಕೊಡಾಕ್‌ನ ಚಿಂಗ್ ಟಾಂಗ್ ಮತ್ತು ಸ್ಟೀವನ್ ವಾನ್ ಸ್ಲೈಕ್ 1987ರಲ್ಲಿ ಪ್ರಕಟಿಸಿದ ಮೇಲೆ ಟ್ರಾನ್ಸಿಸ್ಟರ್‌ನ ಪಾತ್ರ ಬದಲಾಯಿತು. ಡಯೋಡಿನ ಬೆಳಕು ಅದರಲ್ಲಿ ಹರಿಯುವ ಪ್ರವಾಹವನ್ನು ಅವಲಂಬಿಸಿದೆ. ಟ್ರಾನ್ಸಿಸ್ಟರ್ ಇಲ್ಲಿ ಕದವಲ್ಲ, ನಲ್ಲಿ. ಎಷ್ಟು ತೆರೆದಿದೆ ಎಂಬುದು ಮುಖ್ಯ. ಒಂದು ನಲ್ಲಿಗೂ ಇನ್ನೊಂದಕ್ಕೂ ಇರುವ ಅಲ್ಪ ವ್ಯತ್ಯಾಸವೂ ಪರದೆಯ ಮೇಲೆ ಕಲೆಯಾಗಿ ಕಾಣುತ್ತದೆ. 1998ರಲ್ಲಿ ಡಾಸನ್ ತಂಡ, ಆರ್‌ಸಿಎಯ ಉತ್ತರಾಧಿಕಾರಿಯಾದ ಪ್ರಿನ್ಸ್‌ಟನ್ನಿನ ಸಾರ್ನಾಫ್ ಸಂಸ್ಥೆಯಿಂದ, ಈ ವ್ಯತ್ಯಾಸವನ್ನು ತಾನೇ ಅಳೆದು ಸರಿದೂಗಿಸಿಕೊಳ್ಳುವ ನಾಲ್ಕು ಟ್ರಾನ್ಸಿಸ್ಟರ್‌ಗಳ ಮಂಡಲವನ್ನು ಪ್ರಕಟಿಸಿತು. 2004ರಲ್ಲಿ ಟೋಕಿಯೊದ ಹಿಡಿಯೊ ಹೊಸೊನೊ ತಂಡ ಇಂಡಿಯಂ, ಗ್ಯಾಲಿಯಂ, ಸತುವಿನ ಆಕ್ಸೈಡ್‌ನಿಂದ ಬಾಗುವ ಟ್ರಾನ್ಸಿಸ್ಟರ್ ಮಾಡಿತು; ಅದರ ಸೋರಿಕೆ ಅಸ್ಫಟಿಕ ಸಿಲಿಕಾನ್‌ಗಿಂತಲೂ ಕಡಿಮೆ. ಪ್ರವಾಹಕ್ಕೆ ಚುರುಕು ಸಿಲಿಕಾನ್, ಕಾಪಿಗೆ ಈ ಆಕ್ಸೈಡ್ ಎಂದು ಎರಡನ್ನೂ ಒಂದೇ ಚುಕ್ಕಿಯಲ್ಲಿ ಕೂಡಿಸಿದ್ದರಿಂದ, 2019ರ ಆಪಲ್ ಕೈಗಡಿಯಾರ ಪರದೆಯನ್ನು ಆರಿಸದೆ, ಸೆಕೆಂಡಿಗೆ ಒಮ್ಮೆ ಮಾತ್ರ ಚಿತ್ರ ಬರೆದು ಸಮಯ ತೋರಿಸುವಂತಾಯಿತು.