ಕೊಪ್ಪರಿಗೆ ಮತ್ತು ಬೋಗುಣಿ: ಅಮೆರಿಕದ ದಕ್ಷಿಣ ಸೀಮೆಯ ಸ್ಟ್ಯೂ ಹಾಗೂ ಒಬ್ಬರ ಪಾಲಿನ ಅಡುಗೆ

ಜನಪದ ಆಹಾರದ ಅಧ್ಯಯನದಲ್ಲಿ ಅಡುಗೆಯನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸುವುದು ರೂಢಿ. ಹಬ್ಬ, ಜಾತ್ರೆ, ಬೇಟೆ, ಸುಗ್ಗಿ ಮುಂತಾದ ಸಂದರ್ಭಗಳಲ್ಲಿ ಸಮುದಾಯವು ಒಟ್ಟಾಗಿ ಬೇಯಿಸಿಕೊಳ್ಳುವ ಅಡುಗೆ ಒಂದು ಬಗೆಯದು. ದಿನನಿತ್ಯದ ಹಸಿವಿಗೆಂದು ಮನೆಯ ಒಲೆಯ ಮೇಲೆ ಬೇಯುವುದು ಇನ್ನೊಂದು ಬಗೆಯದು. ಮೊದಲನೆಯದಕ್ಕೆ ಐತಿಹ್ಯಗಳು ಹುಟ್ಟಿಕೊಳ್ಳುತ್ತವೆ, ಸ್ಮಾರಕಗಳೂ ಏಳುತ್ತವೆ. ಎರಡನೆಯದು ಉಂಡವರ ನೆನಪಿನೊಂದಿಗೇ ಅಳಿದುಹೋಗುತ್ತದೆ. ಇದರಿಂದಾಗಿ ಒಂದು ಅಡುಗೆಯ ಚರಿತ್ರೆಯನ್ನು ಬರೆಯುವಾಗ ಹಬ್ಬದ ಕೊಪ್ಪರಿಗೆಯೇ ಮೂಲವೆಂದೂ ಮನೆಯ ಗಡಿಗೆ ಅದರ ಕಿರಿದಾದ ಅನುಕರಣೆಯೆಂದೂ ಭಾವಿಸುವ ಸಂಭವ ಹೆಚ್ಚು. ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ರಾಜ್ಯಗಳಲ್ಲಿ ಪ್ರಚಲಿತವಾಗಿರುವ ಸ್ಟ್ಯೂ ಈ ಭಾವನೆಯನ್ನು ಪರೀಕ್ಷಿಸಲು ಒಳ್ಳೆಯ ನಿದರ್ಶನವಾಗಿದೆ.

ಮಾಂಸ, ತರಕಾರಿ, ಕಾಳುಗಳನ್ನು ಒಂದೇ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಬಹಳ ಹೊತ್ತು ಬೇಯಿಸಿದ ಗಟ್ಟಿ ಅಡುಗೆಗೆ ಸ್ಟ್ಯೂ ಎಂದು ಹೆಸರು. ದಕ್ಷಿಣ ಸೀಮೆಯಲ್ಲಿ ಇದರ ಹಲವು ರೂಪಗಳಿವೆ. ವರ್ಜೀನಿಯ ಮತ್ತು ಜಾರ್ಜಿಯಗಳಲ್ಲಿ ಬ್ರನ್ಸ್‌ವಿಕ್ ಸ್ಟ್ಯೂ, ಕೆಂಟಕಿಯಲ್ಲಿ ಬರ್ಗೂ, ಲೂಸಿಯಾನದಲ್ಲಿ ಗಂಬೊ ಪ್ರಸಿದ್ಧವಾಗಿವೆ. ಈ ಮೂರೂ ಇಂದಿಗೂ ಸಾಮೂಹಿಕ ಅಡುಗೆಗಳೆಂದೇ ಪರಿಚಿತವಾಗಿವೆ. ಚರ್ಚಿನ ಸಹಾಯಾರ್ಥ ಕೂಟ, ಚುನಾವಣಾ ಸಭೆ, ಅಗ್ನಿಶಾಮಕ ದಳದ ನಿಧಿ ಸಂಗ್ರಹ ಮೊದಲಾದ ಸಂದರ್ಭಗಳಲ್ಲಿ ಕಬ್ಬಿಣದ ಕೊಪ್ಪರಿಗೆಗಳಲ್ಲಿ ನೂರಾರು ಜನರಿಗೆ ಸಾಲುವಷ್ಟು ಬ್ರನ್ಸ್‌ವಿಕ್ ಸ್ಟ್ಯೂವನ್ನು ಬೇಯಿಸುತ್ತಾರೆ. ದೋಣಿಯ ಹುಟ್ಟಿನಂಥ ಮರದ ಕೋಲಿನಿಂದ ಅದನ್ನು ಗಂಟೆಗಟ್ಟಲೆ ತಿರುವಬೇಕು. ಕೋಲು ತಾನಾಗಿ ನೆಟ್ಟಗೆ ನಿಂತರೆ ಸ್ಟ್ಯೂ ಹದಕ್ಕೆ ಬಂದಂತೆ ಎಂಬ ಮಾತು ಆ ಸೀಮೆಯಲ್ಲಿದೆ. ಲೂಸಿಯಾನದ ಹಳ್ಳಿಗಾಡಿನ ಫ್ರೆಂಚ್ ಮೂಲದ ಕೇಜನ್ ಜನರು ಮಾರ್ಡಿ ಗ್ರಾ ಹಬ್ಬದಂದು ವೇಷ ತೊಟ್ಟು ಮನೆಮನೆಗೆ ಹೋಗಿ ಕೋಳಿ, ಅಕ್ಕಿ, ಈರುಳ್ಳಿಗಳನ್ನು ಬೇಡಿ ತಂದು ಊರಿಗೆಲ್ಲ ಗಂಬೊ ಬೇಯಿಸುವ ಪದ್ಧತಿಯೂ ಜೀವಂತವಾಗಿದೆ.

ಎರಡು ಊರುಗಳ ವಾದ

ಬ್ರನ್ಸ್‌ವಿಕ್ ಸ್ಟ್ಯೂವಿನ ಹುಟ್ಟಿನ ಬಗ್ಗೆ ಎರಡು ಸ್ಥಳಗಳ ನಡುವೆ ಹಳೆಯ ವಿವಾದವಿದೆ. ವರ್ಜೀನಿಯದ ಬ್ರನ್ಸ್‌ವಿಕ್ ಕೌಂಟಿಯವರ ಐತಿಹ್ಯದ ಪ್ರಕಾರ 1828ರಲ್ಲಿ ರಾಜ್ಯ ಶಾಸನಸಭೆಯ ಸದಸ್ಯನಾಗಿದ್ದ ಡಾ. ಕ್ರೀಡ್ ಹ್ಯಾಸ್ಕಿನ್ಸ್ ಎಂಬಾತ ತನ್ನ ಗೆಳೆಯರೊಂದಿಗೆ ಬೇಟೆಗೆ ಹೋಗಿದ್ದ. ಬಿಡಾರದಲ್ಲಿ ಉಳಿದಿದ್ದ ಜಿಮ್ಮಿ ಮ್ಯಾಥ್ಯೂಸ್ ಎಂಬ ಕಪ್ಪು ಜನಾಂಗದ ಅಡುಗೆಯವನು ಅಳಿಲಿನ ಮಾಂಸ, ಈರುಳ್ಳಿ, ಬೆಣ್ಣೆ, ಒಣಗಿದ ರೊಟ್ಟಿಗಳನ್ನು ಸೇರಿಸಿ ಬೇಯಿಸಿದ. ಮೊದಲು ಮುಖ ಸಿಂಡರಿಸಿದ ಬೇಟೆಗಾರರು ರುಚಿ ನೋಡಿದ ಮೇಲೆ ಮತ್ತೆ ಕೇಳಿ ಹಾಕಿಸಿಕೊಂಡರು. ಜಾರ್ಜಿಯದ ಬ್ರನ್ಸ್‌ವಿಕ್ ಪಟ್ಟಣದವರು ಇದನ್ನು ಒಪ್ಪುವುದಿಲ್ಲ. ಅವರು ಸ್ಮಾರಕವಾಗಿ ಕಾಯ್ದುಕೊಂಡಿರುವ ಹಳೆಯ ಕಬ್ಬಿಣದ ಪಾತ್ರೆಯೊಂದರ ಬರಹವು, 1898ರ ಜುಲೈ 2ರಂದು ಸೇಂಟ್ ಸೈಮನ್ಸ್ ದ್ವೀಪದಲ್ಲಿ ಮೊದಲ ಬ್ರನ್ಸ್‌ವಿಕ್ ಸ್ಟ್ಯೂ ಬೆಂದದ್ದು ಇದೇ ಪಾತ್ರೆಯಲ್ಲಿ ಎಂದು ಸಾರುತ್ತದೆ.

ಈ ಎರಡನೆಯ ವಾದವು ಕಾಲಗಣನೆಯ ದೃಷ್ಟಿಯಿಂದ ನಿಲ್ಲುವುದಿಲ್ಲ. 1879ರಲ್ಲಿ ಪ್ರಕಟವಾದ ‘ಹೌಸ್‌ಕೀಪಿಂಗ್ ಇನ್ ಓಲ್ಡ್ ವರ್ಜೀನಿಯ’ ಎಂಬ ಪಾಕಗ್ರಂಥದಲ್ಲಿ ಈ ಸ್ಟ್ಯೂವಿನ ವಿಧಾನ ಅದೇ ಹೆಸರಿನಿಂದ ಅಚ್ಚಾಗಿದೆ. ಆದರೆ ಯಾವ ಊರು ಮೊದಲು ಎಂಬ ಪ್ರಶ್ನೆಗಿಂತ ಈ ಎರಡು ವಾದಗಳಿಗೂ ಸಮಾನವಾಗಿರುವ ಅಂಶವೇ ಮುಖ್ಯವಾದುದು. ಎರಡರಲ್ಲಿಯೂ ಅಡುಗೆ ಹುಟ್ಟಿದ್ದು ದೊಡ್ಡ ಪಾತ್ರೆಯಲ್ಲಿ. ಅದೂ ಒಂದು ಗೊತ್ತಾದ ದಿನದಲ್ಲಿ, ಹೆಸರಿರುವ ಕೂಟದಲ್ಲಿ. ವರ್ಜೀನಿಯದ ಕಥೆಯಲ್ಲಿ ಬೇಯಿಸಿದವನ ಹೆಸರಾದರೂ ಉಳಿದಿದೆ. ಆದರೆ ಆತ ಈ ಬಗೆಯ ಅಡುಗೆಯನ್ನು ಎಲ್ಲಿ ಕಲಿತ, ತನ್ನ ಗುಡಿಸಲಿನಲ್ಲಿ ತಾನು ಏನನ್ನು ಉಣ್ಣುತ್ತಿದ್ದ ಎಂಬ ಪ್ರಶ್ನೆಗಳನ್ನು ಐತಿಹ್ಯ ಎತ್ತುವುದಿಲ್ಲ.

ಮಣ್ಣು ಹೇಳುವ ಸಾಕ್ಷ್ಯ

ಜಾರ್ಜಿಯದ ಸ್ಮಾರಕವು ಹೆಸರಿಸುವ ಸೇಂಟ್ ಸೈಮನ್ಸ್ ದ್ವೀಪದಲ್ಲಿಯೇ ಈ ಪ್ರಶ್ನೆಗಳಿಗೆ ಉತ್ತರದ ಸುಳಿವು ದೊರೆತಿರುವುದು ಗಮನಾರ್ಹ. ಆ ದ್ವೀಪದ ಉತ್ತರ ತುದಿಯಲ್ಲಿ ಕ್ಯಾನನ್ಸ್ ಪಾಯಿಂಟ್ ಎಂಬ ಹತ್ತಿಯ ತೋಟವಿತ್ತು. 1970ರ ದಶಕದಲ್ಲಿ ಅಲ್ಲಿ ಉತ್ಖನನ ನಡೆಯಿತು. ಜಾನ್ ಸಾಲೊಮನ್ ಆಟೊ ಎಂಬ ಪುರಾತತ್ತ್ವಜ್ಞರು ದಣಿಯ ಮನೆ, ಮೇಸ್ತ್ರಿಯ ಮನೆ ಹಾಗೂ ಗುಲಾಮರ ಗುಡಿಸಲು, ಈ ಮೂರರ ಕಸದ ರಾಶಿಗಳನ್ನು ಹೋಲಿಸಿ ನೋಡಿ 1984ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ದಣಿಯ ಮನೆಯ ಕಸದಲ್ಲಿ ಚಪ್ಪಟೆಯಾದ ತಟ್ಟೆಗಳು, ಹರಿವಾಣಗಳು ಹೆಚ್ಚಾಗಿದ್ದವು. ಸುಟ್ಟ ಮಾಂಸದ ದೊಡ್ಡ ತುಂಡುಗಳನ್ನು ಬಡಿಸಲು ಅವು ಬೇಕಾಗಿದ್ದವು. ಗುಲಾಮರ ಗುಡಿಸಲಿನ ಕಸದಲ್ಲಿ ತಟ್ಟೆಗಳಿಗಿಂತ ಬೋಗುಣಿಗಳೇ ಎದ್ದುಕಾಣುತ್ತಿದ್ದವು. ಮೂಳೆಗಳ ಸ್ಥಿತಿಯೂ ಇದನ್ನೇ ಸಮರ್ಥಿಸುತ್ತಿತ್ತು. ದಣಿಯ ಮನೆಯ ಮೂಳೆಗಳಲ್ಲಿ ಗರಗಸದ ಗುರುತುಗಳಿದ್ದರೆ, ಗುಡಿಸಲಿನ ಮೂಳೆಗಳು ಕೊಡಲಿಯಂಥ ಆಯುಧದಿಂದ ಕಡಿದು ಒಡೆದವುಗಳಾಗಿದ್ದವು. ಒಡೆದ ಮೂಳೆಯ ಮಜ್ಜೆಯ ಸಾರವೆಲ್ಲ ನೀರಿಗಿಳಿಯಬೇಕಾದರೆ ಅದನ್ನು ಗಡಿಗೆಯಲ್ಲಿ ಬಹಳ ಹೊತ್ತು ಕುದಿಸಬೇಕು. ಹೀಗೆ 1898ರ ಕೊಪ್ಪರಿಗೆಗೆ ಎಷ್ಟೋ ಮೊದಲು, ಗುಲಾಮಗಿರಿಯ ಕಾಲದಲ್ಲಿಯೇ ಆ ದ್ವೀಪದ ಗುಡಿಸಲುಗಳಲ್ಲಿ ಸ್ಟ್ಯೂ ಬೇಯುತ್ತಿತ್ತು, ಬೋಗುಣಿಗಳಲ್ಲಿ ಬಡಿಸಲ್ಪಡುತ್ತಿತ್ತು.

ದಕ್ಷಿಣ ಕೆರೊಲಿನದಲ್ಲಿ ದೊರೆತ ಸಾಕ್ಷ್ಯವೂ ಇದಕ್ಕೆ ಪೂರಕವಾಗಿದೆ. ಅಲ್ಲಿನ ಗುಲಾಮರ ನೆಲೆಗಳಲ್ಲಿ ಕೈಯಿಂದಲೇ ತಟ್ಟಿ ರೂಪಿಸಿ ಬಯಲು ಬೆಂಕಿಯಲ್ಲಿ ಸುಟ್ಟ ಮಣ್ಣಿನ ಪಾತ್ರೆಗಳು ವಿಪುಲವಾಗಿ ದೊರೆತಿವೆ. ಇವನ್ನು ಕೊಲೊನೊವೇರ್ ಎಂದು ಕರೆಯಲಾಗುತ್ತದೆ. ಲೆಲಂಡ್ ಫರ್ಗ್ಯುಸನ್ 1992ರಲ್ಲಿ ಪ್ರಕಟಿಸಿದ ‘ಅನ್‌ಕಾಮನ್ ಗ್ರೌಂಡ್’ ಗ್ರಂಥದಲ್ಲಿ ಈ ಪಾತ್ರೆಗಳ ಸಣ್ಣ ಗಾತ್ರದ ಕಡೆಗೆ ಗಮನ ಸೆಳೆದರು. ಪಶ್ಚಿಮ ಆಫ್ರಿಕದಲ್ಲಿ ಊಟವೆಂದರೆ ಅಕ್ಕಿಯ ಅಥವಾ ಧಾನ್ಯದ ಗಟ್ಟಿ ಅಡುಗೆ ಒಂದು, ಅದಕ್ಕೆ ನಂಚಿಕೊಳ್ಳಲು ಸೊಪ್ಪು, ತರಕಾರಿ, ಮೀನುಗಳ ಸಾರು ಇನ್ನೊಂದು. ಸಣ್ಣ ಗಡಿಗೆ ಮತ್ತು ಸಣ್ಣ ಬೋಗುಣಿಗಳು ಈ ಎರಡನೆಯದಕ್ಕೆ ಒದಗುತ್ತವೆ. ಮುದ್ದೆ ಮತ್ತು ಸಾರಿನ ಜೋಡಿಯನ್ನು ಬಲ್ಲ ಕನ್ನಡದ ಓದುಗರಿಗೆ ಈ ಕ್ರಮವನ್ನು ವಿವರಿಸಬೇಕಾಗಿಲ್ಲ.

ಗಂಬೊ ಎಂಬ ಹೆಸರೂ ಇದೇ ದಿಕ್ಕಿಗೆ ಬೆರಳು ತೋರುತ್ತದೆ. ಬೆಂಡೆಕಾಯಿಗೆ ಮಧ್ಯ ಆಫ್ರಿಕದ ಬಂಟು ಭಾಷೆಗಳಲ್ಲಿರುವ ಪದದಿಂದ ಇದು ಬಂದಿತೆಂಬುದು ಬಹುಜನರ ಅಭಿಪ್ರಾಯ. ಬೆಂಡೆಯ ಲೋಳೆಯೇ ಸಾರನ್ನು ಗಟ್ಟಿಗೊಳಿಸುತ್ತದೆ. ಬೆಂಡೆಯಿಲ್ಲದಿರುವಾಗ ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನರಿಂದ ಬಂದ ಸ್ಯಾಸಫ್ರಸ್ ಎಲೆಯ ಪುಡಿ ಆ ಕೆಲಸವನ್ನು ಮಾಡುತ್ತದೆ. ಕೊಬ್ಬಿನಲ್ಲಿ ಹಿಟ್ಟನ್ನು ಹುರಿದು ಸೇರಿಸುವ ಕ್ರಮ ಫ್ರೆಂಚರದು. ಮೇರಿ ರ‍್ಯಾಂಡಾಲ್ಫ್ ಎಂಬಾಕೆ 1824ರಲ್ಲಿ ಪ್ರಕಟಿಸಿದ ‘ದಿ ವರ್ಜೀನಿಯ ಹೌಸ್-ವೈಫ್’ ಗ್ರಂಥದಲ್ಲಿಯೇ ಗಂಬೊ ಕಾಣಿಸಿಕೊಂಡಿದೆ.

ಪಡಿಯ ಲೆಕ್ಕ

ಗುಡಿಸಲಿನ ಗಡಿಗೆಗೆ ಬೀಳುತ್ತಿದ್ದುದೇನು? ಸ್ವತಃ ಗುಲಾಮನಾಗಿದ್ದು ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ 1845ರ ತನ್ನ ಆತ್ಮಕಥನದಲ್ಲಿ ಮೇರಿಲ್ಯಾಂಡಿನ ತೋಟವೊಂದರ ಪಡಿಯನ್ನು ದಾಖಲಿಸಿದ್ದಾನೆ. ವಯಸ್ಕರಿಗೆ ತಿಂಗಳಿಗೆ 8 ಪೌಂಡ್, ಅಂದರೆ ಸುಮಾರು 3.6 ಕಿಲೊ ಹಂದಿಮಾಂಸ ಅಥವಾ ಅದಕ್ಕೆ ಸಮನಾದ ಮೀನು. ಜೊತೆಗೆ ಸುಮಾರು 35 ಲೀಟರ್ ಹಿಡಿಯುವ ಒಂದು ಬುಷೆಲ್ ಅಳತೆಯಷ್ಟು ಮೆಕ್ಕೆಜೋಳದ ಹಿಟ್ಟು. ಮಾಂಸವನ್ನು ದಿನದ ಲೆಕ್ಕಕ್ಕೆ ತಂದರೆ 120 ಗ್ರಾಮಿನಷ್ಟಾಗುತ್ತದೆ.

ಈ ಲೆಕ್ಕದಲ್ಲಿ ಎರಡು ಸಂಗತಿಗಳು ಅಡಗಿವೆ. ಮೊದಲನೆಯದು, ತೋಟದ ಲೆಕ್ಕದ ಪುಸ್ತಕಕ್ಕೆ ಕುಟುಂಬ ಕಾಣುತ್ತಿರಲಿಲ್ಲ, ದುಡಿಯುವ ತಲೆಗಳಷ್ಟೇ ಕಾಣುತ್ತಿದ್ದವು. ಗಂಡನನ್ನೊಂದು ತೋಟಕ್ಕೆ, ಹೆಂಡತಿಯನ್ನೊಂದು ತೋಟಕ್ಕೆ ಮಾರುವ ವ್ಯವಸ್ಥೆಯಲ್ಲಿ ಒಬ್ಬರ ಪಾಲು ಎಂಬುದು ಅನೇಕರಿಗೆ ನಿಜವಾಗಿಯೂ ಒಬ್ಬರ ಊಟವೇ ಆಗಿತ್ತು. ಎರಡನೆಯದು, ಅಷ್ಟು ಕಡಿಮೆ ಮಾಂಸವನ್ನು ಸುಟ್ಟು ತಿಂದರೆ ಒಂದು ಹೊತ್ತಿಗೂ ಸಾಲದು. ಅದನ್ನೇ ಸೊಪ್ಪು, ಕಾಳು, ಬೆಂಡೆಗಳೊಂದಿಗೆ ನೀರಿನಲ್ಲಿ ಬೇಯಿಸಿದರೆ ಉಪ್ಪು, ಕೊಬ್ಬು, ಹೊಗೆಯ ವಾಸನೆಗಳು ಇಡೀ ಗಡಿಗೆಗೆ ಹರಡುತ್ತವೆ. ಒರಟು ಮಾಂಸದ ನಾರು ದೀರ್ಘಕಾಲದ ಸಣ್ಣ ಶಾಖಕ್ಕೆ ಕರಗಿ ಸಾರನ್ನು ಗಟ್ಟಿಯಾಗಿಸುತ್ತದೆ. ಕೆಂಡದ ಮೇಲಿಟ್ಟು ಹೋದರೆ ತಿರುವುವವರಿಲ್ಲದೆಯೂ ಬೇಯುತ್ತದೆ. ಹೊತ್ತು ಮೂಡುವ ಮುನ್ನ ಹೊಲಕ್ಕೆ ಹೋಗಿ ಕತ್ತಲಾದ ಮೇಲೆ ಮರಳುವವರಿಗೆ ಇದಕ್ಕಿಂತ ತಕ್ಕ ಅಡುಗೆ ಇರಲಿಲ್ಲ.

1936ರಿಂದ 1938ರವರೆಗೆ ಅಮೆರಿಕ ಸರ್ಕಾರದ ಲೇಖಕರ ಯೋಜನೆಯು ಗುಲಾಮಗಿರಿಯನ್ನು ಅನುಭವಿಸಿ ಬದುಕುಳಿದಿದ್ದ ಹಿರಿಯರ 2,300ಕ್ಕೂ ಹೆಚ್ಚು ನಿರೂಪಣೆಗಳನ್ನು ಸಂಗ್ರಹಿಸಿತು. ಬೆಂಕಿಗೂಡಿನಲ್ಲಿ ತೂಗುಹಾಕಿದ ಗಡಿಗೆ, ಬೂದಿಯಲ್ಲಿ ಸುಟ್ಟ ಜೋಳದ ರೊಟ್ಟಿಗಳ ನೆನಪು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಈ ನಿರೂಪಕರಲ್ಲಿ ಹಲವರು ಗುಲಾಮಗಿರಿಯ ಕಾಲಕ್ಕೆ ಮಕ್ಕಳಾಗಿದ್ದರು. ಸಂದರ್ಶಿಸಿದವರು ಬಹುಪಾಲು ಬಿಳಿಯರಾಗಿದ್ದರು. ಆದಕಾರಣ ಈ ಆಕರವನ್ನು ಎಚ್ಚರದಿಂದ ಬಳಸಬೇಕು. ಆದರೂ ಗಡಿಗೆಯ ವಿಷಯದಲ್ಲಿ ಬಾಯಿಮಾತಿನ ನೆನಪೂ ಮಣ್ಣಿನ ಸಾಕ್ಷ್ಯವೂ ಒಂದನ್ನೊಂದು ಪುಷ್ಟೀಕರಿಸುತ್ತವೆ.

ಇಂದಿನ ಒಬ್ಬರ ಗಡಿಗೆ

1910ರಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಜನರು ದಕ್ಷಿಣವನ್ನು ತೊರೆದು ಉತ್ತರದ ಹಾಗೂ ಪಶ್ಚಿಮದ ನಗರಗಳಿಗೆ ವಲಸೆ ಹೋದರು. ಶಿಕಾಗೊದಂಥ ನಗರಗಳಲ್ಲಿ ದೊಡ್ಡ ಮನೆಗಳನ್ನು ಒಡೆದು, ಕೋಣೆಗೊಂದು ಸಣ್ಣ ಒಲೆಯನ್ನಿಟ್ಟು ಬಾಡಿಗೆಗೆ ಕೊಡುವ ಪದ್ಧತಿ ಬೆಳೆಯಿತು. ಕೊಪ್ಪರಿಗೆ ಊರಿನಲ್ಲಿಯೇ ಉಳಿದರೂ ಗಡಿಗೆಯ ವಿದ್ಯೆ ಜನರೊಂದಿಗೆ ನಡೆಯಿತು. ಇತ್ತೀಚಿನ ದಶಕಗಳಲ್ಲಿ ಒಂಟಿ ವಾಸ ಆ ದೇಶದ ಎಲ್ಲ ವರ್ಗಗಳಿಗೂ ಹರಡಿದೆ. ಅಲ್ಲಿನ ಜನಗಣತಿಯ ಪ್ರಕಾರ 1940ರಲ್ಲಿ ಒಟ್ಟು ಮನೆಗಳಲ್ಲಿ ಶೇ. 7.7ರಷ್ಟು ಏಕವ್ಯಕ್ತಿಯ ಮನೆಗಳಾಗಿದ್ದವು. 2020ರಲ್ಲಿ ಈ ಪ್ರಮಾಣ ಶೇ. 27.6ಕ್ಕೆ ಏರಿತು.

ಒಬ್ಬರಿಗಾಗಿ ಬ್ರನ್ಸ್‌ವಿಕ್ ಸ್ಟ್ಯೂ ಬೇಯಿಸುವ ಕ್ರಮ ಸರಳವಾಗಿದೆ. ಸುಮಾರು 30 ಗ್ರಾಂ ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸವನ್ನು ದಪ್ಪ ತಳದ ಸಣ್ಣ ಪಾತ್ರೆಯಲ್ಲಿ ಕೊಬ್ಬು ಬಿಡುವವರೆಗೆ ಹುರಿದು, ಅದರಲ್ಲಿಯೇ ಅರ್ಧ ಈರುಳ್ಳಿಯನ್ನು ಬಾಡಿಸಬೇಕು. ಮೂಳೆಯ ಸಹಿತವಾದ ಒಂದು ಕೋಳಿಯ ತೊಡೆ, ಒಂದು ಟೊಮೆಟೊ, ಎರಡು ಲೋಟ ನೀರು ಸೇರಿಸಿ ಸಣ್ಣ ಉರಿಯಲ್ಲಿ 40 ನಿಮಿಷ ಬೇಯಿಸಿದರೆ ಮಾಂಸವು ಮೂಳೆಯಿಂದ ಬಿಡಿಸಿಕೊಳ್ಳುತ್ತದೆ. ಮೂಳೆಯನ್ನು ತೆಗೆದು, ಮಾಂಸವನ್ನು ಎಳೆಯೆಳೆಯಾಗಿ ಬಿಡಿಸಿ ಮತ್ತೆ ಹಾಕಿ, ಒಂದು ಸಣ್ಣ ಆಲೂಗೆಡ್ಡೆಯ ಹೋಳುಗಳು, ಒಂದು ಹಿಡಿ ಎಳೆಯ ಮೆಕ್ಕೆಜೋಳದ ಕಾಳು, ಒಂದು ಹಿಡಿ ಬೇಯಿಸಿದ ಲೈಮಾ ಬೀನ್ಸ್, ಕರಿಮೆಣಸು ಹಾಗೂ ಚಿಟಿಕೆ ಖಾರದ ಪುಡಿ ಸೇರಿಸಿ ಇನ್ನೂ 25 ನಿಮಿಷ ಬೇಯಿಸಬೇಕು. ದೊಡ್ಡ ಪಾತ್ರೆಗಿಂತ ಸಣ್ಣ ಪಾತ್ರೆಯಲ್ಲಿ ನೀರು ಬೇಗ ಹಿಂಗುವುದರಿಂದ ಮುಚ್ಚಳ ಮುಚ್ಚಿರಬೇಕು. ಉಪ್ಪನ್ನು ಕಡೆಯಲ್ಲಿ ಹಾಕಬೇಕು. ಹುಟ್ಟು ನಿಲ್ಲುವ ಪರೀಕ್ಷೆಗೆ ಇಲ್ಲಿ ಆಸ್ಪದವಿಲ್ಲ. ಚಮಚ ಎಳೆದ ಗೆರೆ ಒಂದು ಕ್ಷಣ ಕೂಡಿಕೊಳ್ಳದೆ ನಿಂತರೆ ಹದ ಬಂದಂತೆಯೇ. ಜೊತೆಗೆ ಜೋಳದ ರೊಟ್ಟಿಯ ಒಂದು ತುಂಡಿದ್ದರೆ ಹೊಟ್ಟೆ ತುಂಬುತ್ತದೆ.

ಹೀಗೆ ಬೇಯಿಸಿದ್ದನ್ನು ಸಾಮೂಹಿಕ ಅಡುಗೆಯೊಂದು ಒಂಟಿತನದ ಕಾಲದಲ್ಲಿ ಕುಗ್ಗಿಹೋದ ರೂಪವೆಂದು ಕರೆಯುವುದುಂಟು. ಮೇಲಿನ ಆಧಾರಗಳನ್ನು ಒಟ್ಟಾಗಿ ನೋಡಿದರೆ ಆ ತೀರ್ಮಾನ ಸರಿಯೆನಿಸುವುದಿಲ್ಲ. ಪಡಿಯಾಗಿ ಬಂದ ಒಬ್ಬರ ಪಾಲು, ಒಂದು ಸಣ್ಣ ಗಡಿಗೆ, ಒಂದು ಬೋಗುಣಿ, ಇವು ಸ್ಮಾರಕದ ಕೊಪ್ಪರಿಗೆಗಿಂತ ಹಳೆಯವು. ಕೊಪ್ಪರಿಗೆಯನ್ನು ಹೂಡಲು ಬಿಡುವಿನ ದಿನ, ಸೇರಲು ಸ್ವಾತಂತ್ರ್ಯ, ದಾನ ಮಾಡಲು ಮಿಗತೆ ಬೇಕಾಗುತ್ತವೆ. ಅವು ಇದ್ದವರ ಅಡುಗೆ ಚರಿತ್ರೆಯಾಯಿತು. ಇಲ್ಲದವರದು ಮಣ್ಣಿನಲ್ಲಿ ಉಳಿಯಿತು. ಅಂದಿನ ಒಬ್ಬರ ಊಟ ಬಲವಂತದ್ದು, ಇಂದಿನದು ಅನೇಕರ ಪಾಲಿಗೆ ಆಯ್ಕೆಯದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲಾಗದು. ಆದರೆ ಕಡಿಮೆ ಮಾಂಸದಿಂದ ತುಂಬು ಊಟವನ್ನು ಹೊರಡಿಸುವ ವಿದ್ಯೆ ಎರಡಕ್ಕೂ ಒಂದೇ. ಅದನ್ನು ರೂಪಿಸಿದವರು ಗುಡಿಸಲಿನವರು. ಸ್ಟ್ಯೂವಿನ ಮೂಲಸ್ಥಾನವನ್ನು ಸಾರುವ ಬರಹಗಳಲ್ಲಿ ಅವರಿಗೆ ಸಲ್ಲಬೇಕಾದ ಸ್ಥಾನ ಇನ್ನೂ ಪೂರ್ಣವಾಗಿ ಸಂದಿಲ್ಲ. ಸಾಮೂಹಿಕವೆಂದು ಹೆಸರಾದ ಯಾವುದೇ ಅಡುಗೆಯ ಚರಿತ್ರೆಯನ್ನು ಅರಸುವಾಗ ಹಬ್ಬದ ಬಯಲಿನಷ್ಟೇ ಗುಡಿಸಲಿನ ಬೂದಿಯನ್ನೂ ಕೆದಕಿ ನೋಡಬೇಕೆಂಬುದು ಈ ನಿದರ್ಶನದಿಂದ ಸ್ಪಷ್ಟವಾಗುತ್ತದೆ.