ಟ್ರಾವೆಲಿಂಗ್ ಮ್ಯಾಟ್

ಚಲನಚಿತ್ರ ಅಥವಾ ವಿಡಿಯೊದಲ್ಲಿ ಓಡಾಡುತ್ತಿರುವ ವ್ಯಕ್ತಿಯನ್ನು ಹಿನ್ನೆಲೆಯಿಂದ ಬಿಡಿಸಿ ಬೇರೊಂದು ದೃಶ್ಯದ ಮೇಲೆ ಕೂರಿಸಲು ಬಳಸುವ ಮುಸುಕಿಗೆ ಟ್ರಾವೆಲಿಂಗ್ ಮ್ಯಾಟ್ ಎಂದು ಹೆಸರು. ವ್ಯಕ್ತಿ ಅಲುಗಿದಂತೆ ಮುಸುಕಿನ ಆಕಾರವೂ ಬದಲಾಗಬೇಕು. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್ ಇರುವುದರಿಂದ ಅಷ್ಟೂ ಮುಸುಕುಗಳು ಬೇಕಾಗುತ್ತವೆ. ದೇಹದ ಹೊರಗೆರೆಯನ್ನು ಹಿಡಿಯುವುದು ಈ ಕೆಲಸದ ಸುಲಭ ಭಾಗ. ಹಾರುವ ಕೂದಲು, ತೆಳು ಸೆರಗು, ಹೊಗೆ, ಬೀಸಿದ ಕೈಯ ಮಸುಕು ಇವುಗಳಲ್ಲಿ ವ್ಯಕ್ತಿಯೂ ಹಿನ್ನೆಲೆಯೂ ಒಂದೇ ಚುಕ್ಕೆಯಲ್ಲಿ ಬೆರೆತಿರುತ್ತವೆ. ತಂತ್ರಜ್ಞರನ್ನು ನೂರು ವರ್ಷ ಕಾಡಿದ್ದು ಈ ಅಂಚು.

ಮೊದಲ ಪರಿಹಾರ ಕಪ್ಪು ಬಟ್ಟೆ. ಕಪ್ಪು ಹಿನ್ನೆಲೆ ಫಿಲ್ಮಿನ ಮೇಲೆ ಅಚ್ಚಾಗುವುದಿಲ್ಲವಾದ್ದರಿಂದ ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ ಮತ್ತೆ ಚಿತ್ರೀಕರಿಸಬಹುದಿತ್ತು. ಫ್ರಾನ್ಸಿನ ಜಾರ್ಜ್ ಮೆಲಿಯೆಸ್ 1898ರಲ್ಲೇ ಈ ಉಪಾಯದಿಂದ ತನ್ನ ತಲೆಯನ್ನು ಕಿತ್ತು ಮೇಜಿನ ಮೇಲಿಡುವ ಚಮತ್ಕಾರವನ್ನು ತೋರಿಸಿದ. ಅಮೆರಿಕದ ಫ್ರಾಂಕ್ ವಿಲಿಯಮ್ಸ್ 1918ರಲ್ಲಿ ಪೇಟೆಂಟ್ ಪಡೆದ ವಿಧಾನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಪ್ಪು ಹಿನ್ನೆಲೆಯ ಮುಂದೆ ತೆಗೆದ ನಟನ ಚಿತ್ರವನ್ನು ಮತ್ತೆ ಮತ್ತೆ ಗಾಢವಾಗಿ ಪ್ರತಿ ತೆಗೆದು, ನಡುವಿನ ಬೂದು ಛಾಯೆಗಳನ್ನೆಲ್ಲ ಅಳಿಸಿ, ಅಚ್ಚ ಕಪ್ಪು-ಬಿಳಿಯ ನೆರಳಾಕೃತಿಯನ್ನು ಅದು ಹೊರತೆಗೆಯುತ್ತಿತ್ತು. 1933ರ ‘ದಿ ಇನ್‌ವಿಸಿಬಲ್ ಮ್ಯಾನ್’ ಚಿತ್ರದ ತಲೆಯಿಲ್ಲದ ಅಂಗಿ ನಡೆದಾಡಿದ್ದು ಹೀಗೆಯೇ: ನಟನ ಮೈಗೆ ಕಪ್ಪು ಮಖಮಲ್ಲು, ಹಿಂದೆಯೂ ಕಪ್ಪು ಮಖಮಲ್ಲು. ಆದರೆ ನಟನ ಮೇಲೆ ಬಿದ್ದ ಗಾಢ ನೆರಳೂ ಹಿನ್ನೆಲೆಯಾಗಿ ಕರಗಿ ಹೋಗುವುದು ಈ ವಿಧಾನದ ದೋಷ. ಕಪ್ಪಿನ ಬದಲು ಬಣ್ಣವನ್ನು ನಂಬುವ ಯೋಚನೆ ಡನ್ನಿಂಗ್ ಪ್ರಕ್ರಿಯೆಯಲ್ಲಿ ಬಂತು. ನಟನಿಗೆ ಕಿತ್ತಳೆ ಬೆಳಕು, ಹಿಂದಿನ ಪರದೆಗೆ ನೀಲಿ ಬೆಳಕು. ‘ಕಿಂಗ್ ಕಾಂಗ್’ (1933) ಇದನ್ನೂ ಬಳಸಿತು. ವರ್ಣಚಿತ್ರಕ್ಕೆ ಮಾತ್ರ ಇದು ಒಗ್ಗುವಂತಿರಲಿಲ್ಲ.

ವರ್ಣಚಿತ್ರದಲ್ಲಿ ನೀಲಿ ಪರದೆಯನ್ನು ನೆಲೆಗೊಳಿಸಿದ್ದು ‘ದಿ ಥೀಫ್ ಆಫ್ ಬಾಗ್ದಾದ್’ (1940). ಅದರ ತಂತ್ರಜ್ಞ ಲ್ಯಾರಿ ಬಟ್ಲರ್‌ಗೆ ವಿಶೇಷ ಪರಿಣಾಮಗಳ ಆಸ್ಕರ್ ಬಂತು. ಆಗಿನ ಟೆಕ್ನಿಕಲರ್ ಕ್ಯಾಮೆರಾ ಕೆಂಪು, ಹಸಿರು, ನೀಲಿಗಳನ್ನು ಮೂರು ಬೇರೆ ಬೇರೆ ಫಿಲ್ಮುಗಳ ಮೇಲೆ ದಾಖಲಿಸುತ್ತಿತ್ತು. ಮನುಷ್ಯನ ಚರ್ಮದಲ್ಲಿ ನೀಲಿಯ ಪಾಲು ಕಡಿಮೆಯಾದ್ದರಿಂದ ನೀಲಿ ಫಿಲ್ಮನ್ನು ಆಧರಿಸಿ ಮುಸುಕು ತಯಾರಿಸಬಹುದಿತ್ತು. ಈ ಚಿತ್ರದಲ್ಲಿ ಸೀಸೆಯಿಂದ ಹೊರಬರುವ ದೈತ್ಯನ ಎದುರು ಪುಟ್ಟ ಬಾಲಕನಾಗಿ ನಿಂತ ಸಾಬು, ಮೈಸೂರು ಸೀಮೆಯ ಕಾರಾಪುರದಲ್ಲಿ ಮಾವುತನ ಮಗನಾಗಿ ಹುಟ್ಟಿದವನು. ಇಂದು ನೋಡಿದರೆ ಚಿತ್ರದ ಆಕೃತಿಗಳ ಸುತ್ತ ನೀಲಿ ಗೆರೆ ಎದ್ದು ಕಾಣುತ್ತದೆ. ಆಗಿನ ಪ್ರೇಕ್ಷಕರು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ಆ ಗೆರೆಯನ್ನು ಅಳಿಸಿದ ಕೀರ್ತಿಯ ದೊಡ್ಡ ಪಾಲು ತಂತ್ರಜ್ಞ ಪೆಟ್ರೊ ವ್ಲಾಹೋಸ್‌ಗೆ ಸಲ್ಲುತ್ತದೆ. ಅವರು ಎರಡು ದಾರಿ ಹಿಡಿದರು. ಒಂದು, ಬ್ರಿಟನ್ನಿನಲ್ಲಿ ಮೊದಲಾಗಿ ಡಿಸ್ನಿ ಸ್ಟುಡಿಯೊದಲ್ಲಿ ಪಕ್ವವಾದ ಸೋಡಿಯಂ ವಿಧಾನ. ಹಿಂದಿನ ಪರದೆಯನ್ನು ಬೆಳಗುವ ಸೋಡಿಯಂ ದೀಪದ ಬೆಳಕು 589 ನ್ಯಾನೊಮೀಟರ್ ಸುತ್ತಲಿನ ಅತಿ ಕಿರಿದಾದ ಹಳದಿ ಪಟ್ಟಿ. ಕ್ಯಾಮೆರಾದೊಳಗಿನ ಪಟ್ಟಕ ಆ ಹಳದಿಯನ್ನಷ್ಟೇ ಎರಡನೆಯ ಫಿಲ್ಮಿಗೆ ತಿರುಗಿಸಿದಾಗ, ಚಿತ್ರೀಕರಣದ ಹೊತ್ತಿನಲ್ಲೇ ಮುಸುಕು ಸಿದ್ಧವಾಗುತ್ತಿತ್ತು. ‘ಮೇರಿ ಪಾಪಿನ್ಸ್’ (1964) ಚಿತ್ರದಲ್ಲಿ ನಾಯಕಿಯ ಟೊಪ್ಪಿಯ ಜಾಲರಿಯೂ ಹದವಾಗಿ ಪಾರದರ್ಶಕವಾಗಿ ಉಳಿದದ್ದು ಇದರಿಂದ. ಗುಣದಲ್ಲಿ ಇದಕ್ಕೆ ಸಾಟಿಯಿರಲಿಲ್ಲ, ಆದರೆ ಅಂಥ ಪಟ್ಟಕವನ್ನು ಮತ್ತೆ ಮಾಡುವುದು ಕಷ್ಟವಾಗಿ ವಿಧಾನ ಹರಡಲಿಲ್ಲ.

ಎರಡನೆಯ ದಾರಿಯೇ ಗೆದ್ದಿತು. ‘ಬೆನ್ ಹರ್’ (1959) ಕಾಲದಲ್ಲಿ ರೂಪುಗೊಂಡ ವರ್ಣ-ವ್ಯತ್ಯಾಸ ವಿಧಾನಕ್ಕೆ ಮೂಲ ಒಂದು ಸರಳ ಗಮನಿಕೆ: ಚರ್ಮ, ಕೂದಲು, ಮರ, ಕಲ್ಲು ಮುಂತಾದ ಬಹುತೇಕ ವಸ್ತುಗಳಲ್ಲಿ ನೀಲಿಯು ಹಸಿರನ್ನು ಬಹಳ ಮೀರುವುದಿಲ್ಲ. ಹಾಗಾದರೆ ಎಲ್ಲಿ ನೀಲಿ ಹಸಿರಿಗಿಂತ ಎಷ್ಟು ಹೆಚ್ಚಿದೆಯೋ ಅಲ್ಲಿ ಅಷ್ಟು ಪರದೆ ಇದೆ ಎಂದರ್ಥ. ಆ ಹೆಚ್ಚುವರಿಯನ್ನು ಕಳೆದರೆ ಅಂಚಿನ ನೀಲಿ ಗೆರೆಯೂ ಮಾಯ. ಇದೆ-ಇಲ್ಲ ಎನ್ನುವ ಲೆಕ್ಕದ ಬದಲು ‘ಎಷ್ಟು ಇದೆ’ ಎಂಬ ಲೆಕ್ಕ ಬಂದದ್ದರಿಂದ ಹೊಗೆ, ಗಾಜು, ಕೂದಲುಗಳು ಹಿಡಿತಕ್ಕೆ ಸಿಕ್ಕವು. ಇಂದಿನ ಸಾಫ್ಟ್‌ವೇರುಗಳಲ್ಲೂ ಈ ತರ್ಕ ಉಳಿದಿದೆ.

ಪರದೆಯಿಲ್ಲದೆ ತೆಗೆದ ದೃಶ್ಯಗಳಿಗೆ ಫ್ರೇಮು ಫ್ರೇಮಾಗಿ ಕೈಯಲ್ಲೇ ಗೆರೆ ಎಳೆಯಬೇಕಿತ್ತು. ಮ್ಯಾಕ್ಸ್ ಫ್ಲೈಷರ್ ಕಾರ್ಟೂನಿಗಾಗಿ ಪೇಟೆಂಟ್ ಪಡೆದಿದ್ದ (1917) ರೋಟೊಸ್ಕೋಪ್ ಇದಕ್ಕೆ ನೆರವಾಯಿತು; ಉದ್ಯಮದ ಬಾಯಲ್ಲಿ ಆ ಕೆಲಸ ಇಂದಿಗೂ ‘ರೋಟೊ’. ಟಿವಿಯಲ್ಲಿ ಬಣ್ಣದ ಪರದೆಯ ಜಾಗದಲ್ಲಿ ಬೇರೆ ಚಿತ್ರ ಕೂರಿಸುವ ಕ್ರೋಮಾ ಕೀ ಬಂದು, ಹವಾಮಾನ ವರದಿಗಾರರು ನಕ್ಷೆಯ ಮುಂದೆ ನಿಲ್ಲುವುದು ದಿನನಿತ್ಯದ ನೋಟವಾಯಿತು. ಡಿಜಿಟಲ್ ಕ್ಯಾಮೆರಾಗಳ ಸಂವೇದಕದಲ್ಲಿ ಸಾಮಾನ್ಯವಾಗಿ ಹಸಿರು ಚುಕ್ಕೆಗಳು ಕೆಂಪು ಅಥವಾ ನೀಲಿ ಚುಕ್ಕೆಗಳ ಎರಡರಷ್ಟಿರುವುದರಿಂದ ನೀಲಿಯ ಜಾಗಕ್ಕೆ ಹಸಿರು ಬಂತು. ಕನ್ನಡ ಚಿತ್ರರಂಗದವರು ಹೇಳುವ ‘ಗ್ರೀನ್ ಮ್ಯಾಟ್’ ಇದೇ. ನೀಲಿ ಪೂರ್ತಿ ಮರೆಯಾಗಲಿಲ್ಲ: 2002ರ ‘ಸ್ಪೈಡರ್ ಮ್ಯಾನ್’ ಚಿತ್ರದಲ್ಲಿ ಹಸಿರು ವೇಷದ ಖಳನಿಗೆ ನೀಲಿ ಪರದೆ, ನೀಲಿ ಉಡುಪಿನ ನಾಯಕನಿಗೆ ಹಸಿರು ಪರದೆ ಹಾಕಬೇಕಾಯಿತು.

ಕಂಪ್ಯೂಟರ್ ಚಿತ್ರಗಳಲ್ಲಿ ಮುಸುಕು ಸಂಖ್ಯೆಯ ರೂಪ ಪಡೆಯಿತು. 1970ರ ದಶಕದ ಕೊನೆಯಲ್ಲಿ ಎಡ್ ಕ್ಯಾಟ್‌ಮಲ್ ಮತ್ತು ಆಲ್ವಿ ರೇ ಸ್ಮಿತ್ ಪ್ರತಿ ಚುಕ್ಕೆಯ ಬಣ್ಣದ ಜೊತೆಗೆ ಅದರ ಅಪಾರದರ್ಶಕತೆಯನ್ನೂ ಸಂಖ್ಯೆಯಾಗಿ ಇಟ್ಟರು, ಅದೇ ಆಲ್ಫಾ. ಚಿತ್ರಗಳನ್ನು ಕೂಡಿಸುವ ಬೀಜಗಣಿತವನ್ನು ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರಲ್ಲಿ ಪ್ರಕಟಿಸಿದರು. ಬಿಡಿಸುವ ಲೆಕ್ಕ ಹೆಚ್ಚು ಕಠಿಣ. ಹಿನ್ನೆಲೆ ಗೊತ್ತಿದ್ದರೂ ಚುಕ್ಕೆಯ ಮೂರು ಬಣ್ಣಗಳ ಮೂರು ಸಮೀಕರಣಗಳಿಂದ ನಾಲ್ಕು ಅಜ್ಞಾತಗಳನ್ನು (ವ್ಯಕ್ತಿಯ ಮೂರು ಬಣ್ಣ ಮತ್ತು ಆಲ್ಫಾ) ಕಂಡುಹಿಡಿಯಬೇಕು, ಗೊತ್ತಿಲ್ಲದಿದ್ದರೆ ಏಳನ್ನು. ಒಂದೇ ವಸ್ತುವನ್ನು ಎರಡು ಬಣ್ಣದ ಪರದೆಗಳ ಮುಂದೆ ಚಿತ್ರಿಸಿದರೆ ಉತ್ತರ ಸಿಗುತ್ತದೆಂದು ಸ್ಮಿತ್ ಮತ್ತು ಜಿಮ್ ಬ್ಲಿನ್ 1996ರಲ್ಲಿ ತೋರಿಸಿದರು. ಹೂಜಿಯಂಥ ನಿಶ್ಚಲ ವಸ್ತುವಿಗೆ ಅದು ಸರಿ. ಅಲುಗಾಡುವ ಮನುಷ್ಯ ಎರಡನೆಯ ಸಲ ಅದೇ ಭಂಗಿಯಲ್ಲಿ ಸಿಗುವುದಿಲ್ಲ.

ಆದ್ದರಿಂದ ಪರದೆಯಿಲ್ಲದ ವಿಡಿಯೊದಲ್ಲಿ ಊಹೆ ಅನಿವಾರ್ಯ. ಕೆಲವು ಫ್ರೇಮುಗಳಲ್ಲಿ ಮನುಷ್ಯ ಗುರುತಿಸಿದ ಅಂಚನ್ನು ಉಳಿದವುಗಳಿಗೆ ಹರಡುವ ವಿಧಾನವನ್ನು ಯುಂಗ್-ಯು ಚುವಾಂಗ್ ಮತ್ತು ಸಂಗಡಿಗರು 2002ರಲ್ಲಿ ಮಂಡಿಸಿದರು. 2010ರಲ್ಲಿ ವಿಡಿಯೊ ಸಾಫ್ಟ್‌ವೇರ್ ಆಫ್ಟರ್ ಎಫೆಕ್ಟ್ಸ್‌ಗೆ ಸೇರಿದ ರೋಟೊ ಬ್ರಷ್ ಇಂಥ ಸೌಲಭ್ಯವನ್ನು ಸಾಮಾನ್ಯ ಸಂಕಲನಕಾರರಿಗೂ ಒದಗಿಸಿತು. ಬಳಿಕ ಈ ಊಹೆಯನ್ನು ಕಂಪ್ಯೂಟರಿನ ಕೃತಕ ನರಜಾಲಗಳು ವಹಿಸಿಕೊಂಡವು. ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2020ರಲ್ಲಿ, ವ್ಯಕ್ತಿಯಿಲ್ಲದ ಕೋಣೆಯ ಒಂದು ಫೋಟೊ ಇದ್ದರೆ ಸಾಕೆಂದರು. ಮರುವರ್ಷದ ‘ರೋಬಸ್ಟ್ ವಿಡಿಯೊ ಮ್ಯಾಟಿಂಗ್’ ಆ ಫೋಟೊವನ್ನೂ ಕೈಬಿಟ್ಟು, ಹಿಂದಿನ ಫ್ರೇಮುಗಳ ನೆನಪನ್ನು ಬಳಸಿ ಅಂಚಿನ ಮಿಣುಕಾಟವನ್ನು ತಗ್ಗಿಸಿತು. ಕೋವಿಡ್ ಕಾಲದ ವಿಡಿಯೊ ಕರೆಗಳು ಈ ಬಗೆಯ ತಂತ್ರವನ್ನು ಮನೆಮನೆಗೆ ತಂದವು, ಜೊತೆಗೆ ಕಿವಿ ಮಾಯವಾಗುವ ಅದರ ಕುಂದನ್ನೂ.

ಸಿನಿಮಾದಲ್ಲಿ ಕೈಕೆಲಸ ನಿಂತಿಲ್ಲ. ಹಾಲಿವುಡ್ಡಿನ ರೋಟೊ ಕೆಲಸದ ದೊಡ್ಡ ಪಾಲು ಭಾರತದ ಸ್ಟುಡಿಯೊಗಳಿಗೆ ಬಂತು, ಬೆಂಗಳೂರಿಗೂ. ಬಹುಮಟ್ಟಿಗೆ ನೀಲಿ ಪರದೆಗಳ ನಡುವೆ ಒಬ್ಬ ಬಾಲನಟನನ್ನು ಚಿತ್ರಿಸಿ ಕಾಡನ್ನು ಕಂಪ್ಯೂಟರಿನಲ್ಲಿ ಕಟ್ಟಿದ ‘ದಿ ಜಂಗಲ್ ಬುಕ್’ (2016) ಚಿತ್ರಕ್ಕೆ ಎಂಪಿಸಿ ಸಂಸ್ಥೆಯ ಬೆಂಗಳೂರು ಸ್ಟುಡಿಯೊ ಕೂಡ ದುಡಿದಿತ್ತು. ಇನ್ನು ಕೆಲವು ನಿರ್ಮಾಣಗಳು ಬಿಡಿಸುವ ಗೊಡವೆಯನ್ನೇ ತಪ್ಪಿಸಲು ನೋಡುತ್ತವೆ: ‘ದಿ ಮ್ಯಾಂಡಲೋರಿಯನ್’ (2019) ಸರಣಿಯಲ್ಲಿ ನಟರ ಹಿಂದೆ ಎಲ್‌ಇಡಿ ಗೋಡೆ ನಿಲ್ಲಿಸಿ ಹಿನ್ನೆಲೆಯನ್ನು ಸ್ಥಳದಲ್ಲೇ ತೋರಿಸಲಾಯಿತು. ನಾಯಕನ ಲೋಹದ ಕವಚದ ಮೇಲೆ ಹಸಿರು ಛಾಯೆಯ ಬದಲು ಆ ದೃಶ್ಯದ್ದೇ ಬೆಳಕು ಬೀಳುವುದು ಇದರ ಲಾಭ. ವ್ಯಕ್ತಿಯ ಜೊತೆ ಅವನ ನೆರಳು, ಪ್ರತಿಬಿಂಬಗಳನ್ನೂ ಬಿಡಿಸುವ ಪ್ರಯತ್ನ 2021ರ ‘ಆಮ್ನಿಮ್ಯಾಟ್’ ಸಂಶೋಧನೆಯಲ್ಲಿ ಕಾಣುತ್ತದೆ.